ಕಲ್ಲುಮೋರಿಯ ಡಬ್ಬಿ ಸುಮ್ಮನಿದ್ದ ಹನ್ನೆರಡು ನಿಮಿಷ

ಆಯುಧಪೂಜೆಯ ಹಿಂದಿನ ದಿನ ನಮ್ಮ ಪ್ರಯೋಗಾಲಯದ ಬಾಗಿಲು ತಳ್ಳಿದರೆ ಚೆಂಡುಹೂವಿನ ಘಾಟು ಮೂಗಿಗೆ ಹೊಡೆಯಿತು. ಹಾಸನದ ಒಂದು ಡಿಪ್ಲೊಮಾ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಹೇಳುವವಳು ನಾನು. ಹುಡುಗಿಯರು ಮೀಟರುಗಳಿಗೆ, ಫ್ಯಾನಿನ ಸ್ವಿಚ್ಚಿಗೆ, ಕೊನೆಗೆ ನನ್ನ ಕುರ್ಚಿಗೂ ಹಾರ ಹಾಕಿದ್ದರು. ಕಿಟಕಿ ಪಕ್ಕದ ಮೇಜಿನ ಮೇಲೆ ನೀರಿನ ಮಟ್ಟ ಅಳೆಯುವ ಡಬ್ಬಿಯೊಂದಿತ್ತು. ಅದಕ್ಕೂ ಒಂದು ಹಾರ, ಅದರ ಎರಡು ಕಣ್ಣುಗಳ ಮುಂದೆಯೇ ಇಳಿಬಿದ್ದಿತ್ತು. ನಾನು ಯೋಚಿಸುವ ಮುಂಚೆಯೇ ನನ್ನ ಕೈ ಹೋಗಿ ಅದನ್ನು ಕಿತ್ತಿತು. ದಾರ ತುಂಡಾಗಿ ಹೂವೆಲ್ಲ ನೆಲದ ಮೇಲೆ ಉರುಳಿದವು. ಮೇಡಂಗೆ ಇವತ್ತು ಮತ್ತೇನಾಯಿತು ಎನ್ನುವ ಮುಖ ಮಾಡಿಕೊಂಡು ಹುಡುಗಿಯರು ಗುಡಿಸಿದರು. ನನ್ನ ಸಿಟ್ಟು ಅವರಿಗೆ ಹೊಸದೇನಲ್ಲ. ಅದು ನನ್ನ ಮೂಗಿನ ತುದಿಯಲ್ಲೇ ಕೂತಿರುತ್ತದೆ ಎಂದು ಹಿರೀಸಾವೆಯಲ್ಲಿ ನನ್ನ ಅವ್ವ ನಾನು ಲಂಗ ಹಾಕುವ ಕಾಲಕ್ಕೇ ಸಾರಿಬಿಟ್ಟಿದ್ದಳು. ಆದರೆ ಆ ಹಾರ ಕಿತ್ತ ಕೈ ಸಿಟ್ಟಿನದಾಗಿರಲಿಲ್ಲ. ಅದು ಹೆದರಿದ ಕೈ. ಯಾಕೆ ಹೆದರಿತು ಎಂದು ಹೇಳಬೇಕಾದರೆ ಹೊಳೆನರಸೀಪುರದ ಒಂದು ಮಳೆಗಾಲವನ್ನು ಪೂರ್ತಿ ಹೇಳಬೇಕು.

ಕೆಲವು ವರ್ಷಗಳ ಹಿಂದಿನ ಮಾತು. ಮುಂಗಾರು ಶುರುವಾಗುವ ಮೊದಲೇ ಕಾಲೇಜಿನವರು ನನ್ನನ್ನು ಆ ಊರಿನ ಕೆಲಸಕ್ಕೆ ಹಾಕಿದರು. ಊರಿನ ಮೇಲುಗಡೆ ಒಂದು ಕೆರೆ, ಕೆಳಗಡೆ ಹೇಮಾವತಿ. ಕೆರೆ ತುಂಬಿ ಕೋಡಿ ಬಿದ್ದ ನೀರು ಊರೊಳಗಿನ ಹಳ್ಳ ಹಿಡಿದು ಹೊಳೆ ಸೇರಬೇಕು. ಹಳ್ಳದ ಎರಡೂ ದಡಕ್ಕೆ ಮನೆಗಳು ಒತ್ತಿಕೊಂಡು ಬಂದು ಈಗ ಅದನ್ನು ಯಾರೂ ಹಳ್ಳ ಎನ್ನುವುದಿಲ್ಲ, ಮೋರಿ ಎನ್ನುತ್ತಾರೆ. ಜೋರು ಮಳೆ ಬಿದ್ದರೆ ಮೇಲಿನಿಂದ ಕೆರೆ ನೂಕುತ್ತದೆ, ಕೆಳಗಿನಿಂದ ತುಂಬಿದ ಹೊಳೆ ವಾಪಸು ತಳ್ಳುತ್ತದೆ, ನಡುವೆ ಸಿಕ್ಕಿಬಿದ್ದ ನೀರು ಬಾಗಿಲು ಒದ್ದು ಒಳಗೆ ಬರುತ್ತದೆ. ನೀರು ಏರುತ್ತಿದ್ದ ಹಾಗೇ ಜನರಿಗೆ ತಿಳಿಯಲಿ ಎಂದು ಅಗ್ಗದ ಡಬ್ಬಿಗಳನ್ನು ಮಾಡಿ ಮೋರಿಯ ಉದ್ದಕ್ಕೂ ಕಟ್ಟುವುದು ನನ್ನ ಪಾಲಿಗೆ ಬಂದ ಕೆಲಸ. ವಾರಕ್ಕೆ ಮೂರು ದಿನ ಬೆಳಗಿನ ರೈಲಿಗೆ ಹೋಗಿ ಸಂಜೆ ಬಸ್ಸಿಗೆ ಹಾಸನಕ್ಕೆ ಮರಳುತ್ತಿದ್ದೆ.

ಡಬ್ಬಿ ಅಂದರೆ ನಿಜವಾಗಲೂ ಡಬ್ಬಿಯೇ. ಕರೆಂಟಿನವರು ಗೋಡೆಗೆ ಹಾಕುವ ಪ್ಲಾಸ್ಟಿಕ್ ಪೆಟ್ಟಿಗೆ, ಅದರೊಳಗೆ ಬೆಂಕಿಪೊಟ್ಟಣದಷ್ಟು ಬೋರ್ಡು, ಒಂದು ಸಿಮ್ಮು, ಒಂದು ಬ್ಯಾಟರಿ, ತಲೆಯ ಮೇಲೆ ಅಂಗೈಯಷ್ಟು ಸೋಲಾರ್ ಹಲಗೆ. ಹೊಟ್ಟೆಯಡಿ ಎರಡು ದುಂಡು ಕಣ್ಣು. ಸೇತುವೆಯ ತಳಕ್ಕೆ ಅದನ್ನು ಬಗ್ಗಿಸಿ ಬಿಗಿದರೆ, ಒಂದು ಕಣ್ಣಿನಿಂದ ನಮಗೆ ಕೇಳಿಸದಂಥ ಶಬ್ದವನ್ನು ಕೆಳಗೆ ಬಿಡುತ್ತದೆ, ಅದು ನೀರಿಗೆ ಬಡಿದು ಬಂದದ್ದನ್ನು ಇನ್ನೊಂದರಲ್ಲಿ ಹಿಡಿಯುತ್ತದೆ. ತನಗೂ ನೀರಿಗೂ ನಡುವೆ ಎಷ್ಟು ಜಾಗ ಉಳಿದಿದೆ ಎಂದು ಮೂರು ನಿಮಿಷಕ್ಕೊಮ್ಮೆ ನನ್ನ ಫೋನಿಗೆ ಹೇಳುತ್ತದೆ. ಅರವತ್ತು ಸೆಂಟಿಮೀಟರಿಗಿಂತ ಕಡಿಮೆ ಉಳಿದರೆ ಬೀದಿಯ ಕೊನೆಯ ಹಾಲಿನ ಡೇರಿ ಮಾಳಿಗೆಯ ಮೇಲಿನ ಸೈರನ್ ಕೂಗಬೇಕು. ಇಷ್ಟೇ ಅದರ ವಿದ್ಯೆ.

ಪುರಸಭೆಯವರು ನನ್ನ ಜೊತೆಗೆ ಕೊಟ್ಟವನು ಸಿದ್ದಯ್ಯ. ಮೂವತ್ತು ವರ್ಷದಿಂದ ಆ ಊರಿನ ಮೋರಿಗಳಿಗೆ ಇಳಿದು ಕಸ ತೆಗೆದವನು. ಯಾವ ಕಲ್ಲಿನಡಿ ಹಾವಿದೆ ಎಂಬುದೂ ಅವನಿಗೆ ಗೊತ್ತು. ಹನ್ನೊಂದು ಡಬ್ಬಿಗಳನ್ನು ಇಬ್ಬರೂ ಸೇರಿ ಕಟ್ಟಿದೆವು. ಎಲ್ಲಕ್ಕಿಂತ ಮುಖ್ಯವಾದದ್ದು ಕಲ್ಲುಮೋರಿಯದು. ಕೆರೆ ಕಡೆಯಿಂದ ಬರುವ ನೀರು ಊರೊಳಗೆ ನುಗ್ಗುವ ಮೊದಲ ಸೇತುವೆ ಅದು, ಹಳೇ ಕಾಲದ ಕಲ್ಲಿನದು. ಅದಕ್ಕೆ ಅಂಟಿಕೊಂಡ ಹಾಗೆ ಜಯಮ್ಮನ ಮನೆ. ಅರ್ಧ ಇಟ್ಟಿಗೆ, ಅರ್ಧ ಮಣ್ಣುಗೋಡೆ. ಜಯಮ್ಮ ಶಾಲೆಯಲ್ಲಿ ಬಿಸಿಯೂಟ ಬೇಯಿಸುತ್ತಿದ್ದಳು, ಗಂಡ ರಂಗಸ್ವಾಮಿ ಗೂಡ್ಸ್ ಆಟೋ ಓಡಿಸುತ್ತಿದ್ದ. ಅವನ ತಾಯಿ ನಿಂಗಜ್ಜಿ ಕೋಲೂರಿಕೊಂಡು ಬಂದು ಸೇತುವೆಯ ಕಟ್ಟೆಯ ಮೇಲೆ ಕೂತು ನಶ್ಯ ಏರಿಸುತ್ತಾ ನಮ್ಮ ಕೆಲಸ ನೋಡುತ್ತಿದ್ದಳು.

"ಇದು ನೋಡದು ನೀರ್ನೋ, ನಮ್ ಮನೇನೋ?" ಎಂದು ಮೊದಲ ದಿನವೇ ಕೇಳಿದಳು.

"ನೀರನ್ನೇ ಅಜ್ಜಿ."

"ನೋಡ್ಕಳ್ಳಿ ಬುಡು. ಈ ಬೀದೀಲಿ ನೋಡೋವಂತದ್ದು ಇನ್ನೇನೈತೆ."

ಆ ವರ್ಷದ ಮಳೆ ಮನುಷ್ಯರ ಮೇಲೆ ಹಗೆ ಸಾಧಿಸುವ ಹಾಗೆ ಸುರಿಯಿತು. ಜುಲೈಯಲ್ಲಿ ಎರಡು ಡಬ್ಬಿಗಳನ್ನು ಕಿತ್ತುಕೊಂಡು ಹೋಯಿತು. ಸತ್ತ ಕರುವೊಂದು ಮೂರನೆಯ ಸೇತುವೆಗೆ ಬಂದು ಬಡಿದು, ನೀರು ಅದನ್ನು ಕಲ್ಲಿಗೆ ಜಜ್ಜುತ್ತಾ ಅರ್ಧ ದಿನ ಅಲ್ಲೇ ಇಟ್ಟುಕೊಂಡಿತು. ಸಿದ್ದಯ್ಯ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದು ಅದನ್ನು ಕೊಯ್ದು ಬಿಡಿಸಿದ. ಮೇಲೆ ಬಂದವನ ಮೊಣಕೈ ತರಚಿ ರಕ್ತ ಸೋರುತ್ತಿತ್ತು. ನಾನು ಔಷಧಿ ಹಚ್ಚಲು ಹೋದರೆ, "ಮೊದ್ಲು ಡಬ್ಬಿ ನೋಡಿ ಮೇಡಂ, ನನ್ ಚರ್ಮ ತಾನಾಗೇ ಬೆಳಿತದೆ" ಅಂದ.

ಆಗಸ್ಟಿನಲ್ಲಿ ಒಂದು ಮಧ್ಯಾಹ್ನ ಕಲ್ಲುಮೋರಿಯ ಡಬ್ಬಿ ನಿಜವಾಗಿ ಕೂಗಿತು. ಬೀದಿಯವರೆಲ್ಲ ಶಾಲೆಯ ಎತ್ತರದ ಜಗಲಿಗೆ ಓಡಿದರು. ನೀರು ಮೆಟ್ಟಿಲವರೆಗೆ ಬಂದು, ಅಲ್ಲಿಟ್ಟಿದ್ದ ಚಪ್ಪಲಿ, ಕೊಡ, ಕೋಳಿ ಮಂಕರಿ ಎಳೆದುಕೊಂಡು ಹಿಂದೆ ಸರಿಯಿತು. ಒಬ್ಬರಿಗೂ ಏನೂ ಆಗಲಿಲ್ಲ. ಅಂದಿನಿಂದ ಅದು ಅವರ ಬಾಯಲ್ಲಿ 'ನಮ್ ಡಬ್ಬಿ' ಆಯಿತು. ಜೇಡ ಬಲೆ ಕಟ್ಟಿದರೂ ಅದು ತಪ್ಪು ಹೇಳುತ್ತದೆ ಎಂದು ಸಿದ್ದಯ್ಯ ಒಂದು ಸಲ ಹೇಳಿದ್ದಕ್ಕೆ, ಜಯಮ್ಮ ದಿನಾ ಬೆಳಿಗ್ಗೆ ಬಾಗಿಲು ಸಾರಿಸಿದ ಮೇಲೆ ಕಟ್ಟೆಯ ಮೇಲೆ ಮಲಗಿ, ತಲೆ ಕೆಳಗೆ ಬಾಗಿಸಿ, ತೆಂಗಿನ ಗರಿಯ ಕಡ್ಡಿಯಿಂದ ಡಬ್ಬಿಯ ಕಣ್ಣು ಒರೆಸುತ್ತಿದ್ದಳು. ಅವಳಷ್ಟು ಶ್ರದ್ಧೆಯಿಂದ ನನ್ನ ವಿದ್ಯಾರ್ಥಿಗಳೂ ಆ ಡಬ್ಬಿಯನ್ನು ನೋಡಿಕೊಂಡಿಲ್ಲ. ನನಗೆ ಹೆಮ್ಮೆಯಾಗುತ್ತಿತ್ತು. ನನ್ನನ್ನು ಕಂಡರೆ ಒಂದು ಲೋಟ ಕಾಫಿ ಕೊಡದೆ ಅವಳು ಬಿಟ್ಟವಳಲ್ಲ.

ಆಯುಧಪೂಜೆ ಬಂತು. ಆ ದಿನ ಬೆಳಿಗ್ಗೆ ನಾನು ಅದೇ ಊರಿನಲ್ಲಿದ್ದೆ. ಡಬ್ಬಿಗಳ ಬ್ಯಾಟರಿ ಬದಲಿಸುವ ಕೆಲಸವಿತ್ತು. ಸಿದ್ದಯ್ಯ ಬಂದಿರಲಿಲ್ಲ. ಅವನ ಮನೆಯವರು ಬುದ್ಧನನ್ನು ನಂಬಿದವರು, ಆಯುಧಪೂಜೆ ಮಾಡುವುದಿಲ್ಲ; ಆದರೂ ಹಬ್ಬದ ರಜೆ ಸಿಕ್ಕಿದ್ದರಿಂದ ಅವನು ಮನೆಯಲ್ಲೇ ಉಳಿದಿದ್ದ. ಹತ್ತೂವರೆಗೆ ಡೇರಿಯ ಸೈರನ್ ಕೂಗಿಕೊಂಡಿತು.

ಕುಂಬಳಕಾಯಿ ಒಡೆಯುತ್ತಿದ್ದವರು ಅಲ್ಲೇ ಬಿಟ್ಟರು. ಅರ್ಧ ತೊಳೆದ ಬೈಕು, ಉರಿಯುತ್ತಿದ್ದ ಕರ್ಪೂರ, ಒಲೆಯ ಮೇಲಿನ ಪಾಯಸ ಎಲ್ಲವನ್ನೂ ಬಿಟ್ಟು ಓಡಿದರು. ರಂಗಸ್ವಾಮಿ ತಾಯಿಯನ್ನು ಬೆನ್ನಿಗೆ ಹಾಕಿಕೊಂಡು ಓಡಿದ. ಶಾಲೆಯ ಮೆಟ್ಟಿಲ ಮೇಲೆ ಒಡೆದ ಕುಂಬಳಕಾಯಿಯ ತಿರುಳಿನ ಮೇಲೆ ಕಾಲಿಟ್ಟು ಜಾರಿದ. ನಿಂಗಜ್ಜಿ ಕೆಳಗೆ, ಅವನು ಮೇಲೆ. ಮೂಳೆ ಮುರಿದ ಸದ್ದು ತನಗೆ ಕೇಳಿಸಿತು ಎಂದು ಆಮೇಲೆ ಒಬ್ಬಳು ಹೇಳಿದಳು. ಅಜ್ಜಿ ಕಿರುಚಿದ್ದು ನನಗೇ ಕೇಳಿಸಿತು.

ನೀರು ಬರಲಿಲ್ಲ. ಆಕಾಶ ತೊಳೆದಿಟ್ಟ ತಟ್ಟೆಯ ಹಾಗಿತ್ತು. ಮೋರಿಯಲ್ಲಿ ಹಿಮ್ಮಡಿ ಮುಳುಗುವಷ್ಟು ನೀರೂ ಇರಲಿಲ್ಲ.

ನಾನು ಓಡಿ ಬಂದಾಗ ಜನ ನನಗಾಗಿ ಕಾಯುತ್ತಿದ್ದರು. "ಎಲ್ರೀ ನೀರು? ತೋರ್ಸ್ರೀ" ಎಂದು ಒಬ್ಬ ನನ್ನ ಚೀಲ ಹಿಡಿದು ಎಳೆದ. ರಂಗಸ್ವಾಮಿ ಏನೂ ಕೇಳಲಿಲ್ಲ. ಸೀದಾ ಬಂದು ಕೆನ್ನೆಗೆ ಬಾರಿಸಿದ. ಕನ್ನಡಕ ಹಾರಿಹೋಯಿತು, ಬಾಯಲ್ಲಿ ಉಪ್ಪು ರುಚಿ ಬಂತು. "ನಮ್ಮವ್ವನ್ ಸೊಂಟ ಮುರುದ್ಬುಟ್ಟಲ್ಲೇ ಮುಂಡೆ" ಎಂದು ಇನ್ನೊಮ್ಮೆ ಕೈ ಎತ್ತಿದವನನ್ನು ಇಬ್ಬರು ಹಿಡಿದುಕೊಂಡರು. ಯಾರೋ ಹಾರೆ ತಂದು ಕೆಳಗಿನ ಸೇತುವೆಯ ಡಬ್ಬಿಯನ್ನು ಚಚ್ಚುತ್ತಿದ್ದರು. ಪ್ಲಾಸ್ಟಿಕ್ ಒಡೆಯುವ ಸದ್ದು ನನ್ನ ಎದೆಗೇ ಬಡಿದ ಹಾಗಾಗುತ್ತಿತ್ತು.

ಹರಿದ ತುಟಿಯಲ್ಲೇ ನಾನು ಕಲ್ಲುಮೋರಿಗೆ ಇಳಿದೆ. ಸೇತುವೆಯ ತಳದಲ್ಲಿ, ಡಬ್ಬಿಯ ಕೊರಳಿಗೆ, ಮೊಳ ಉದ್ದದ ಚೆಂಡುಹೂವಿನ ಹಾರ. ಅರಿಶಿನ, ಕುಂಕುಮ ಬೇರೆ. ಗಾಳಿ ಬೀಸಿದಾಗ ಹಾರದ ತುದಿ ಕಣ್ಣಿನಡಿಗೆ ಬರುತ್ತಿತ್ತು, ನಿಂತಾಗ ಸರಿಯುತ್ತಿತ್ತು. ಡಬ್ಬಿ ಹೂವಿಗೆ ಬಡಿದು ಬಂದ ಶಬ್ದ ಕೇಳಿ, ನೀರು ಇಪ್ಪತ್ತು ಸೆಂಟಿಮೀಟರಿಗೆ ಬಂತೆಂದು ನಂಬಿ ಪ್ರಾಣ ಹೋದ ಹಾಗೆ ಕೂಗಿತ್ತು.

ಹಾರ ಕಿತ್ತುಕೊಂಡು ಮೇಲೆ ಬಂದೆ. "ಯಾರ್ ಹಾಕಿದ್ದು ಇದನ್ನ?"

ಜಯಮ್ಮ ಮುಂದೆ ಬಂದಳು. ಹೊಸ ಸೀರೆ ಉಟ್ಟಿದ್ದಳು, ಕೈ ಇನ್ನೂ ಅರಿಶಿನವಾಗಿತ್ತು. "ನಾನೇ ಕಣಕ್ಕ. ನಮ್ಮನ್ನ ಕಾಯೋ ಡಬ್ಬಿ ಅಲ್ವಾ ಅಂತ..."

ಅವಳಿಗೆ ನಾನು ಏನೇನು ಅಂದೆ ಎಂಬುದೆಲ್ಲ ಇಲ್ಲಿ ಬರೆಯಲಾರೆ. ತಲೆಯಲ್ಲಿರುವುದು ಸಗಣಿಯಾ ಎಂದು ಕೇಳಿದ್ದು ನೆನಪಿದೆ. ಇಡೀ ಬೀದಿಯ ಮುಂದೆ ಆ ಹಾರವನ್ನು ಅವಳ ಮುಖಕ್ಕೆ ಎಸೆದದ್ದು ನೆನಪಿದೆ. ರಂಗಸ್ವಾಮಿ ತನ್ನನ್ನು ಹಿಡಿದಿದ್ದವರ ಕೈ ಕೊಸರಿಕೊಂಡು, ಈಗ ಹೆಂಡತಿಯ ಜುಟ್ಟು ಹಿಡಿದು ನೆಲಕ್ಕೆ ಕೆಡವಿ ಒದೆಯತೊಡಗಿದ. ಅವಳು ಕೈಯಿಂದ ಮುಖ ಮುಚ್ಚಿಕೊಂಡಳೇ ಹೊರತು ಕೂಗಲಿಲ್ಲ. ಬಿಡಿಸಲು ಹೋದವರು ನೆರೆಮನೆಯ ಹೆಂಗಸರು. ನಾನು ನಿಂತೇ ಇದ್ದೆ. ನನ್ನ ಕೆನ್ನೆಯ ಉರಿಗೆ ಅದನ್ನು ನೋಡಿ ಒಂದಿಷ್ಟು ತಂಪಾಯಿತು ಎಂಬುದನ್ನೂ ಬಚ್ಚಿಡುವುದಿಲ್ಲ.

ಅವತ್ತು ಮಧ್ಯಾಹ್ನವೇ ಸಿದ್ದಯ್ಯನ ಮನೆಯ ಜಗಲಿಯ ಮೇಲೆ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಡಬ್ಬಿಗೆ ಹೊಸ ಬುದ್ಧಿ ಬರೆದೆ. ಒಂದು ಸಲ ನೀರು ಕಂಡರೆ ನಂಬಬೇಡ. ಮೂರು ನಿಮಿಷ ಬಿಟ್ಟು ಮತ್ತೆ ನೋಡು. ಐದು ಸಲವೂ ಹಾಗೇ ಕಂಡರೆ ಮಾತ್ರ ಕೂಗು. ಓಲಾಡುವ ಹೂವು ಐದು ಸಲ ಒಂದೇ ಕಡೆ ನಿಲ್ಲುವುದಿಲ್ಲ, ಇನ್ನು ಯಾವಳೂ ನನ್ನ ಡಬ್ಬಿಗೆ ಮೋಸ ಮಾಡಲಾರಳು. ಬೆರಳು ಕೀಲಿಗಳನ್ನು ಕುಟ್ಟುತ್ತಿದ್ದವು. ಐದು ಸಲ ನೋಡುವುದನ್ನೇ ಐದು ಸೆಕೆಂಡಿನಲ್ಲಿ ನೋಡು ಎಂದು ಬರೆಯಬಹುದಿತ್ತು, ಹೆಚ್ಚೆಂದರೆ ಎರಡು ಸಾಲಿನ ಕೆಲಸ. ನನ್ನ ಮೊದಲ ವರ್ಷದ ಹುಡುಗಿಯರಿಗೂ ಹೊಳೆಯುತ್ತಿತ್ತು. ನನಗೆ ಹೊಳೆಯಲಿಲ್ಲ. ಇದ್ದ ಮೂರು ನಿಮಿಷದ ಲೆಕ್ಕಕ್ಕೇ ಐದನ್ನು ಜಡಿದೆ.

ಮೊಣಕಾಲು ತಬ್ಬಿ ಕೂತಿದ್ದ ಸಿದ್ದಯ್ಯ ಕೇಳಿದ. "ಐದು ಸಲ ಅಂದ್ರೆ ಒಟ್ಟು ಎಷ್ಟೊತ್ತಾಯ್ತದೆ ಮೇಡಂ?"

"ಹನ್ನೆರಡು ನಿಮಿಷ."

"ನೀರ್ಗೆ ಅಷ್ಟೊತ್ತು ಬ್ಯಾಡ ಕಣ್ರೀ ಮೇಡಂ."

"ಮೋರಿ ನೀನು ನೋಡ್ಕೊ ಸಿದ್ದಯ್ಯ, ಡಬ್ಬಿ ನಾನು ನೋಡ್ಕೋತೀನಿ" ಅಂದೆ. ಅವನು ಎದ್ದು ಒಳಗೆ ಹೋಗಿ ನನಗೆ ನೀರು ತಂದುಕೊಟ್ಟ.

ಒಂಬತ್ತು ದಿನ ಕಳೆಯಿತು. ಚಿತ್ತೆ ಮಳೆ. ಕೆರೆ ಆಗಲೇ ತುಂಬಿ ತುಳುಕುತ್ತಿತ್ತು. ಮೇಲಿನ ಹಳ್ಳಿಗಳ ಕಡೆ ಬೆಳಗಿನಿಂದ ಹೊಯ್ದ ಮಳೆಗೆ, ನಾಲ್ಕು ಗಂಟೆಯ ಹೊತ್ತಿಗೆ ಕೆರೆಯ ಏರಿ ಒಂದು ಕಡೆ ಬಾಯಿ ಬಿಟ್ಟಿತು.

ನಾನು ಹಾಸನದಲ್ಲಿ ಪರೀಕ್ಷೆಯ ಕಾವಲಿಗೆ ನಿಂತಿದ್ದೆ. ಅಲ್ಲಿ ಇಳಿಬಿಸಿಲಿತ್ತು. ಕೈಯಲ್ಲಿದ್ದ ಫೋನು ಒಂದು ಸಲ ನಡುಗಿತು. ನಾಲ್ಕು ಗಂಟೆ ಹನ್ನೊಂದು ನಿಮಿಷ, ಕಲ್ಲುಮೋರಿ, ಐವತ್ತೆರಡು. ಅದಕ್ಕೆ ಮೂರು ನಿಮಿಷದ ಹಿಂದೆ ಇನ್ನೂರರ ಮೇಲಿತ್ತು. ಇಷ್ಟು ಬೇಗ ಎಲ್ಲಾದರೂ ನೀರು ಏರುತ್ತದೆಯೇ? ಇನ್ಯಾವಳೋ ಹೂವು ಕಟ್ಟಿದಳು ಅಂದುಕೊಂಡೆ. ಹದಿನಾಲ್ಕನೆಯ ನಿಮಿಷಕ್ಕೆ ಮತ್ತೆ ನಡುಗಿತು, ಮೂವತ್ತೊಂದು. ನಾನು ಫೋನನ್ನು ಮೇಜಿನ ಮೇಲೆ ಮಗುಚಿ ಹಾಕಿದೆ.

ಆ ಹೊತ್ತಿಗೆ ಜಯಮ್ಮ ಡೇರಿಯಲ್ಲಿ ಹಾಲಿಗೆ ಸಾಲು ನಿಂತಿದ್ದಳು. ಸೈರನ್ನಿನ ಕೆಳಗೇ. ಹಾಸಿಗೆ ಹಿಡಿದ ಅತ್ತೆಯನ್ನು ಒಬ್ಬಳನ್ನೇ ಬಿಟ್ಟು ಬಂದಿದ್ದಳು. ಅಷ್ಟೆಲ್ಲ ಆದ ಮೇಲೂ ಅವಳಿಗೆ ಡಬ್ಬಿಯ ಮೇಲೆ ನಂಬಿಕೆ ಹೋಗಿರಲಿಲ್ಲ. "ಕೂಗಿದ್ರೆ ಎರಡು ನಿಮಿಸಕ್ಕೆ ಮನೇಲಿರ್ತೀನಿ" ಎಂದು ಪಕ್ಕದವಳಿಗೆ ಹೇಳಿದಳಂತೆ. ಮಳೆ ಜೋರಾಯಿತು, ನಿಲ್ಲಲಿ ಎಂದು ಅಲ್ಲೇ ಸೂರಿನಡಿ ನಿಂತಳು. ರಂಗಸ್ವಾಮಿ ಅರಕಲಗೂಡಿಗೆ ಶುಂಠಿ ಮೂಟೆ ಹಾಕಿಕೊಂಡು ಹೋಗಿದ್ದ.

ನಾಲ್ಕು ಇಪ್ಪತ್ಮೂರಕ್ಕೆ ಡಬ್ಬಿ ಐದನೆಯ ಸಲ ನೋಡಿ, ನಂಬಿ, ಸೈರನ್ ಕೂಗಿಸಿತು. ಆಮೇಲೆ ಅದರಿಂದ ಏನೂ ಬರಲಿಲ್ಲ. ನೀರು ಅದನ್ನು ಕಲ್ಲಿನ ಸಮೇತ ಕಿತ್ತಿತ್ತು.

ಕೆಳಗಿನ ಬೀದಿಗಳ ಮನೆಗಳವರು ಕೂಗು ಕೇಳಿ ಓಡಿದರು. ಅಲ್ಲಿಗೆ ನೀರು ಇನ್ನೂ ಬಂದಿರಲಿಲ್ಲ, ಎಲ್ಲರೂ ಬದುಕಿದರು. ಮೇಲಿನ ಬೀದಿಗೆ ಅದು ಬಂದಾಗಿತ್ತು. ಬೇರು ಸಮೇತ ಬಂದ ಹೊಂಗೆ ಮರವೊಂದು ಸೇತುವೆಯ ಬಾಯಿಗೆ ಸಿಕ್ಕಿ, ನೀರು ಪಕ್ಕಕ್ಕೆ ತಿರುಗಿ ಜಯಮ್ಮನ ಮಣ್ಣುಗೋಡೆಗೆ ಗುದ್ದಿತು. ಒಂದು ಗುದ್ದಿಗೆ ಬೀಳಲಿಲ್ಲ, ಮೂರು ಸಲ ಗುದ್ದಿತು ಎಂದು ಎದುರು ಮನೆಯ ಮಾಳಿಗೆ ಮೇಲಿದ್ದವರು ಹೇಳಿದರು. ಒಳಗಿನಿಂದ ಅಜ್ಜಿ ಸೊಸೆಯನ್ನು ಕೂಗುತ್ತಿದ್ದಳಂತೆ. ಜಯಮ್ಮ ಎದೆಮಟ್ಟದ ನೀರಿನಲ್ಲಿ ಬಂದಳು. ಎಮ್ಮೆ, ಡ್ರಮ್ಮು, ತಗಡಿನ ಶೀಟು, ಎಲ್ಲ ಅವಳ ಮೇಲೇ ಬರುತ್ತಿದ್ದವು. ಒಂದು ಶೀಟು ಭುಜ ಸೀಳಿತು. ಮನೆಗೆ ಇಪ್ಪತ್ತು ಹೆಜ್ಜೆ ಇರುವಾಗ ಗೋಡೆ ಒಳಮುಖವಾಗಿ ಕುಸಿಯುವುದನ್ನು ಅವಳು ಕಣ್ಣಾರೆ ನೋಡಿದಳು.

ಮಾರನೆಯ ದಿನ ಸಿದ್ದಯ್ಯ ಮತ್ತು ಇನ್ನು ನಾಲ್ವರು ಕೆಸರು ತೋಡಿ ನಿಂಗಜ್ಜಿಯನ್ನು ತೆಗೆದರು. ನಶ್ಯದ ಡಬ್ಬಿ ಸೊಂಟದಲ್ಲಿ ಹಾಗೇ ಇತ್ತು. ರಂಗಸ್ವಾಮಿ ಅಲ್ಲೇ ನಿಂತಿದ್ದ. ನಾನು ಹತ್ತಿರ ಹೋದೆ, ಹೊಡೆಯಲಿ ಎಂದೇ ಹೋದೆ. ಅವನು ನನ್ನ ಕಡೆ ಕೈ ಮುಗಿದ. "ನಿಮ್ದೇನಿಲ್ಲ ಬುಡಿ ಮೇಡಂ. ಡಬ್ಬಿ ಕೂಗ್ತಲ್ಲ. ಈ ನನ್ನೆಂಡ್ತಿ ಆವತ್ತು ಹಾರ ಹಾಕ್ದೆ ಇದ್ದಿದ್ರೆ ನಮ್ಮವ್ವ ಎದ್ದು ಓಡ್ತಿದ್ಲು."

ನಾನೂ ಕೈ ಮುಗಿದು ಹಾಸನದ ಬಸ್ಸು ಹತ್ತಿದೆ.

ಹನ್ನೆರಡು ನಿಮಿಷದ ವಿಷಯ ನನಗೆ ಗೊತ್ತು, ಸಿದ್ದಯ್ಯನಿಗೆ ಗೊತ್ತು. ಊರಿಗೆ ಗೊತ್ತಿದ್ದದ್ದು ಡಬ್ಬಿ ಕೂಗಿತು, ಕೆಳಗಿನ ಬೀದಿಗಳು ಉಳಿದವು ಎಂಬುದು ಮಾತ್ರ. ವರದಿಯಲ್ಲಿ ನಾನು ಬರೆದದ್ದೂ ಅಷ್ಟನ್ನೇ: ನಾಲ್ಕು ಇಪ್ಪತ್ಮೂರಕ್ಕೆ ಎಚ್ಚರಿಕೆ ನೀಡಲಾಯಿತು. ಸುಳ್ಳಿನ ಒಂದಕ್ಷರವೂ ಇಲ್ಲದ ವಾಕ್ಯ. ಮೂರು ದಿನ ಅದನ್ನು ತೆರೆದು ತೆರೆದು ಓದಿದೆ. ಆದರೂ ತಿದ್ದಲಿಲ್ಲ. ಸಿದ್ದಯ್ಯ ಒಂದು ಸಲ ಮಾತ್ರ ಹೇಳಿದ. "ನೀವೇ ಏಳ್ಬೇಕು ಮೇಡಂ. ನಾನೇಳಿದ್ರೆ ಅದು ಚಾಡಿ ಆಯ್ತದೆ. ಆ ಎಣ್ಮಗಳು ದಿನಾ ಒದೆ ತಿಂತಾವ್ಳೆ." ನೋಡೋಣ ಅಂದೆ. ಹನ್ನೊಂದು ದಿನ ಬರೀ ನೋಡುತ್ತಾ ಕಳೆದೆ.

ರಾಜ್ಯೋತ್ಸವದ ದಿನ ನನಗೆ ಸನ್ಮಾನ ಇಟ್ಟುಕೊಂಡರು. ಹಳದಿ ಕೆಂಪು ಬಾವುಟ, ಶಾಮಿಯಾನ, ಮೈಕು. ಶಾಲು ಹೊದಿಸಿದರು, ಪೇಟ ಇಟ್ಟರು, ಹಣ್ಣಿನ ಬುಟ್ಟಿ ಕೈಗಿಟ್ಟರು. ಹಾರವನ್ನು ನೆರೆಗೆ ಸಿಕ್ಕಿದ ಬೀದಿಯವರೇ ಒಬ್ಬರು ಹಾಕಲಿ ಎಂದು ಯಾರಿಗೋ ಒಳ್ಳೆಯ ಯೋಚನೆ ಬಂದಿತ್ತು. ಚೆಂಡುಹೂವಿನ ದಪ್ಪ ಹಾರ ಹಿಡಿದು ವೇದಿಕೆ ಹತ್ತಿದವಳು ಜಯಮ್ಮ.

ಅವಳ ಎಡಗಣ್ಣಿನ ಕೆಳಗೆ ನೇರಳೆ ಹಣ್ಣಿನ ಬಣ್ಣದ ಗಾಯ ಊದಿಕೊಂಡಿತ್ತು. ನೆರೆಯಲ್ಲಿ ಆದದ್ದಲ್ಲ, ಹೊಸದು. ಹಾರ ಹಾಕುವಾಗ ನನ್ನ ಕಿವಿಯ ಹತ್ತಿರ ಪಿಸುಗುಟ್ಟಿದಳು. "ನನ್ನಿಂದ ತಪ್ಪಾಗೋಯ್ತು ಕಣಕ್ಕ. ನಮ್ಮತ್ತೆ ಜೀವ ತಗ್ದ್ಬುಟ್ಟೆ. ಕ್ಷಮಿಸ್ಬುಡಿ."

ಎರಡು ಮಾತಾಡಿ ಎಂದು ಮೈಕು ಕೊಟ್ಟರು. ಮಾತಾಡಿದೆ.

"ಡಬ್ಬಿ ನೀರು ನೋಡಿದ್ದು ನಾಲ್ಕು ಹನ್ನೊಂದಕ್ಕೆ. ಕೂಗಿದ್ದು ನಾಲ್ಕು ಇಪ್ಪತ್ಮೂರಕ್ಕೆ. ನಡುವೆ ಹನ್ನೆರಡು ನಿಮಿಷ ಅದರ ಬಾಯಿ ಕಟ್ಟಿದವಳು ನಾನು. ಸಿಟ್ಟಿನಲ್ಲಿ ಕಟ್ಟಿದೆ. ಜಯಮ್ಮನ ಹಾರಕ್ಕೂ ನಿಂಗಜ್ಜಿ ಸತ್ತಿದ್ದಕ್ಕೂ ಸಂಬಂಧ ಇಲ್ಲ. ಆ ಹನ್ನೆರಡು ನಿಮಿಷ ಇದ್ದಿದ್ರೆ ಜಯಮ್ಮ ಮನೆಗೆ ಹೋಗಿ ಅಜ್ಜೀನ ಹೊತ್ತು ತರ್ತಿದ್ಲು."

ನಿರೂಪಣೆ ಮಾಡುತ್ತಿದ್ದವರು ಓಡಿ ಬಂದು ಮೈಕು ಕಿತ್ತುಕೊಂಡು, ಮೇಡಂ ಅವರು ಭಾವುಕರಾಗಿದ್ದಾರೆ, ಜೋರಾದ ಚಪ್ಪಾಳೆ ಬರಲಿ ಎಂದರು. ನಾಲ್ಕೈದು ಜನ ತಟ್ಟಿದರು ಕೂಡ. ಕೆಳಗೆ ಒಂದು ಕುರ್ಚಿ ಉರುಳಿತು. ರಂಗಸ್ವಾಮಿ ಎದ್ದು ನಿಂತಿದ್ದ. ಬರುತ್ತಾನೆ ಅಂದುಕೊಂಡೆ, ಅವನು ನಿಂತಲ್ಲೇ ಇದ್ದ.

ಬಂದವಳು ಜಯಮ್ಮ. ತಾನೇ ಹಾಕಿದ ಹಾರವನ್ನು ಎರಡೂ ಕೈಯಿಂದ ಹಿಡಿದು ಜಗ್ಗಿದಳು. ದಾರ ಕತ್ತು ಕೊಯ್ದು ಹರಿಯಿತು. ಆಮೇಲೆ ಹೊಡೆದಳು, ಸೀಳಿದ ಭುಜದ ಅದೇ ಕೈಯಿಂದ. ಗಂಡ ಹೊಡೆದದ್ದಕ್ಕಿಂತ ಜೋರಾಗಿತ್ತು. ಪೇಟ ಬಿತ್ತು, ಹಣ್ಣಿನ ಬುಟ್ಟಿ ವೇದಿಕೆಯಿಂದ ಉರುಳಿತು.

"ಇಷ್ಟು ದಿನದಿಂದ್ಲೂ ಗೊತ್ತಿತ್ತಾ ನಿಂಗೆ?" ಅಂದಳು. ಆವರೆಗೆ ನನ್ನನ್ನು ನೀವು ಎಂದೇ ಕರೆಯುತ್ತಿದ್ದವಳು. "ನಾನು ಒದೆ ತಿಂತಿದ್ದಾಗ್ಲೂ ಗೊತ್ತಿತ್ತಾ?"

"ಗೊತ್ತಿತ್ತು."

ಇನ್ನೊಂದು ಹೊಡೆದಳು. ಹಿಡಿಯಲು ಬಂದವರಿಗೆ ಬಿಡಿ ಎಂದೆ. ಆದರೆ ಅವಳಿಗೆ ಸಾಕಾಗಿತ್ತು. ಹೂವು ತುಳಿದುಕೊಂಡು ಮೆಟ್ಟಿಲಿಳಿದು, ಗಂಡನ ಮುಂದೆಯೇ, ಅವನ ಮುಖ ಕೂಡ ನೋಡದೆ ನಡೆದುಹೋದಳು.

ವರದಿಯನ್ನು ತಿದ್ದಿ ಕಳಿಸಿದೆ. ಆ ಕೆಲಸದಿಂದ ನನ್ನನ್ನು ಬಿಡಿಸಿದರು, ಅದು ನ್ಯಾಯವೇ. ಡಬ್ಬಿಗಳನ್ನು ಮತ್ತೆ ಕಟ್ಟಬೇಕಾದಾಗ ಬೇರೆಯವರು ಬಂದರು. ಮೂರು ನಿಮಿಷಕ್ಕಲ್ಲ, ಸೆಕೆಂಡಿಗೊಮ್ಮೆ ನೋಡು, ಐದು ಸಲ ಕಂಡರೆ ಕೂಗು ಎನ್ನುವ ಆ ಎರಡು ಸಾಲನ್ನು ಅವರಿಗೆ ಬರೆದುಕೊಟ್ಟೆ. ರಂಗಸ್ವಾಮಿ ಆಮೇಲೆ ಹೆಂಡತಿಯ ಮೇಲೆ ಕೈ ಮಾಡಿಲ್ಲ ಎಂದು ಸಿದ್ದಯ್ಯ ಹೇಳುತ್ತಾನೆ. ಜಯಮ್ಮ ಆ ಬಗ್ಗೆ ನನಗೆ ಏನೂ ಹೇಳಿಲ್ಲ, ಕೇಳುವ ಮುಖ ನನಗಿಲ್ಲ.

ಮರುವರ್ಷದ ಆಯುಧಪೂಜೆಗೆ ಮುಂಚೆ ಸಿದ್ದಯ್ಯ ಫೋನು ಮಾಡಿ, "ಜಯಮ್ಮ ನಿಮ್ಮನ್ನ ಬರೇಳ್ತಾವ್ಳೆ" ಅಂದ. ಹೋದೆ. ಅಂದಿನಿಂದ ಪ್ರತಿವರ್ಷ ಹೋಗುತ್ತಿದ್ದೇನೆ, ಈ ಸಲವೂ ಹೋದೆ. ಕಲ್ಲುಮೋರಿಯ ಕಟ್ಟೆಯ ಮೇಲೆ ಅವಳು ಹಾರ ಇಟ್ಟುಕೊಂಡು ಕೂತಿದ್ದಳು. ಗೇಣು ಹಾಕಿ ಅಳೆದು, ಡಬ್ಬಿಯ ಕಣ್ಣಿಗೆ ತಾಗದಷ್ಟು ಉದ್ದಕ್ಕೆ ಕತ್ತರಿಸಿದಳು. ಕಟ್ಟೆಯ ಮೇಲ್ಗಡೆಯೇ ಕಟ್ಟಿದಳು. ಕಾಫಿ ಕೊಡಲಿಲ್ಲ, ಯಾವ ವರ್ಷವೂ ಕೊಡುವುದಿಲ್ಲ.

"ಎಷ್ಟೊತ್ತು?" ಎಂದು ಕೇಳಿದಳು. ಪ್ರತಿವರ್ಷ ಕೇಳುವುದು ಅದೊಂದೇ.

"ಐದು ಸೆಕೆಂಡು."

ನನ್ನ ಮಾತನ್ನು ಅವಳು ನಂಬುವುದಿಲ್ಲ. ಕಟ್ಟೆಯ ಮೇಲೆ ಮಲಗಿ, ಹಿಂದೆ ಕಡ್ಡಿಯಿಂದ ಒರೆಸುತ್ತಿದ್ದ ಹಾಗೇ ತಲೆ ಬಾಗಿಸಿ, ಅಂಗೈಯನ್ನು ಡಬ್ಬಿಯ ಕಣ್ಣಿನಡಿ ಚಾಚಿ ಹಿಡಿದಳು. ನಾನೂ, ಸಿದ್ದಯ್ಯನೂ ಪಕ್ಕದಲ್ಲಿ ಬಗ್ಗಿ ನೋಡಿದೆವು.

"ಒಂದು" ಅಂದಳು. "ಎರಡು. ಮೂರು. ನಾಕು. 

ಐದು."

ಸೈರನ್ ಕೂಗಿತು. ಬೀದಿಯವರೆಲ್ಲ ಅದಕ್ಕೇ ಕಾದಿದ್ದರು. ಬಾಗಿಲುಗಳು ತೆರೆದವು, ಪೂಜೆ ಬಿಟ್ಟು ಶಾಲೆಯ ಜಗಲಿಗೆ ಓಡಿದರು. ಈಗೀಗ ಆ ದಿನ ಅಲ್ಲಿ ಯಾರೂ ಮೆಟ್ಟಿಲ ಹತ್ತಿರ ಕುಂಬಳಕಾಯಿ ಒಡೆಯುವುದಿಲ್ಲ. ರಂಗಸ್ವಾಮಿ ಎದುರು ಮನೆಯ ಮುದುಕಿಯನ್ನು ಬೆನ್ನಿಗೆ ಹಾಕಿಕೊಂಡು ಒಂದೊಂದೇ ಮೆಟ್ಟಿಲು ನೋಡಿ ನೋಡಿ ಹತ್ತುತ್ತಿದ್ದ. ಅವನು ಜಗಲಿ ಮುಟ್ಟುವವರೆಗೂ ಜಯಮ್ಮ ಕೈ ತೆಗೆಯಲಿಲ್ಲ.

ಆಮೇಲೆ ಎದ್ದು, ಕೈಯನ್ನು ಸೆರಗಿಗೆ ಒರೆಸಿಕೊಂಡು, "ಬರೋ ವರ್ಸನೂ ಬಾ" ಅಂದಳು.